ಬರಿಗಾಲಿನ ತಂಡಕ್ಕೆ ಬೂಟು ತೊಡಿಸಿದ ಆರು ವಾರ

ಸುತ್ತೋಲೆ ಕೈಗೆ ಬಂದಾಗ ನಾನು ಪ್ರಯೋಗಶಾಲೆಯಲ್ಲಿ ಲೋಲಕದ ಆಂದೋಲನ ಎಣಿಸುತ್ತಿದ್ದೆ ಎಂದು ನನ್ನ ನೆನಪು. ಆ ದಿನದ ದಿನಚರಿಯಲ್ಲಿ ಮಾತ್ರ 'ಪ್ರಯೋಗದ ತರಗತಿ ಇಲ್ಲ, ತಲೆನೋವು' ಎಂದಿದೆ. ಲೋಲಕವನ್ನು ನಾನೇ ಆಮೇಲೆ ಎಲ್ಲಿಂದಲೋ ತಂದು ಸೇರಿಸಿಕೊಂಡಿರಬೇಕು. ಈ ಬರಹದಲ್ಲಿ ಅಂಥವು ಇನ್ನೂ ಇರಬಹುದು. ದಿನಚರಿಯೊಂದಿಗೆ ಸಾಧ್ಯವಾದಷ್ಟು ತಾಳೆ ನೋಡಿ ಬರೆಯುತ್ತಿದ್ದೇನೆ.

ಸುತ್ತೋಲೆಯಲ್ಲಿದ್ದದ್ದು ನಾಲ್ಕೇ ಸಾಲು. ಈ ವರ್ಷದಿಂದ ಅಂತರ ಕಾಲೇಜು ಫುಟ್‌ಬಾಲ್ ಪಂದ್ಯಗಳಲ್ಲಿ ಪ್ರತಿಯೊಬ್ಬ ಆಟಗಾರನೂ ಬೂಟು ಹಾಕಿರಬೇಕು; ಬರಿಗಾಲಿನವರನ್ನು ಮೈದಾನಕ್ಕೆ ಬಿಡುವುದಿಲ್ಲ. ವಲಯದ ಫೈನಲ್ಲಿಗೆ ಆರು ವಾರ ಉಳಿದಿತ್ತು.

ಐವತ್ತರ ದಶಕದ ಮಾತು. ನಾನು ಶಿವಮೊಗ್ಗದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಿದ್ದೆ. ಬೆಳಗ್ಗೆ ಮತ್ತು ಸಂಜೆ ಫುಟ್‌ಬಾಲ್ ತಂಡದ ತರಬೇತಿಯೂ ನನ್ನದೇ. ಹಿಂದಿನ ಮೂರು ವರ್ಷವೂ ವಲಯದ ಕಪ್ಪು ನಮಗೆ ಬಂದಿತ್ತು. ಊರಿನಲ್ಲಿ ಜನ ನನ್ನನ್ನು ಗುರುತಿಸಿ ನಮಸ್ಕಾರ ಹೇಳುವಷ್ಟು ಹೆಸರಾಗಿತ್ತು. ಆ ಹೆಸರಿನ ಗುಟ್ಟೆಲ್ಲ ಹುಡುಗರ ಬರಿಗಾಲಿನಲ್ಲಿತ್ತು. ಹಳೆಯ ಪಂಚೆ ಹರಿದು ಪಟ್ಟಿ ಮಾಡಿ, ಹಿಮ್ಮಡಿಯಿಂದ ಪಾದದ ನಡುವಿಗೆ ಎಂಟರ ಆಕಾರದಲ್ಲಿ ಸುತ್ತಿ, ಬೆರಳುಗಳನ್ನು ಬಿಟ್ಟು ಕಟ್ಟುತ್ತಿದ್ದೆವು. ಬೆರಳು ಬಿಟ್ಟಿದ್ದರೆ ಚೆಂಡನ್ನು ಕಾಲಿಗೆ ಅಂಟಿಸಿಕೊಂಡು ತಿರುಗಬಹುದು. ಬೂಟಿನವರು ದೂರ ಒದೆಯುತ್ತಿದ್ದರು. ನಾವು ಹತ್ತಿರ ಹತ್ತಿರ ಕೊಟ್ಟುಕೊಂಡು ಅವರನ್ನು ಸುಸ್ತು ಮಾಡುತ್ತಿದ್ದೆವು. ಈಗ ಅಷ್ಟನ್ನೂ ಆರು ವಾರದಲ್ಲಿ ಮರೆಸಬೇಕಿತ್ತು.

ಪ್ರಿನ್ಸಿಪಾಲರು ಸುತ್ತೋಲೆ ಓದಿ ಕನ್ನಡಕ ತೆಗೆದರು. "ಏನ್ರೀ ಮೇಷ್ಟ್ರೇ, ಬೂಟು ಹಾಕ್ಕೊಂಡು ಓಡೋದು ಅಂಥಾ ಕಷ್ಟವೇ? ಪೊಲೀಸಿನವರು ಓಡ್ತಾರಲ್ಲ."

"ಪೊಲೀಸಿನವರು ಚೆಂಡು ಒದ್ಕೊಂಡು ಓಡಲ್ಲ ಸಾರ್."

"ಕಪ್ಪು ಮಾತ್ರ ಹೊರಗೆ ಹೋಗಬಾರದು ನೋಡಿ," ಎಂದರು. ಬೂಟು ಮಾಡಿಸಲು ಒಪ್ಪಿಗೆ ಕೊಟ್ಟರು.

ಅಳತೆ ತೆಗೆದುಕೊಳ್ಳುವ ಕೆಲಸವನ್ನು ನಾನು ಬೇರೆಯವರಿಗೆ ಬಿಡಲಿಲ್ಲ. ಹುಡುಗರನ್ನು ಪ್ರಯೋಗಶಾಲೆಗೆ ಕರೆದು ಸ್ಟೂಲಿನ ಮೇಲೆ ಕೂರಿಸಿ, ಕಾಲ ಕೆಳಗೆ ಗ್ರಾಫ್ ಹಾಳೆ ಇಟ್ಟು, ಪೆನ್ಸಿಲಿನಿಂದ ಪಾದದ ಸುತ್ತ ಗೆರೆ ಎಳೆದೆ. ಉದ್ದ, ಅಗಲ, ಪಾದದ ಎತ್ತರ, ಎಲ್ಲವನ್ನೂ ಮಿಲಿಮೀಟರಿನಲ್ಲಿ ಬರೆದೆ. ಎರಡೆರಡು ಸಲ ತೆಗೆದು ಸರಾಸರಿಯನ್ನೂ ಹಾಕಿದೆ. ಹದಿನಾಲ್ಕು ಹುಡುಗರು, ಇಪ್ಪತ್ತೆಂಟು ಪಾದ. ಆ ಹಾಳೆಗಳನ್ನು ಬಜಾರಿನ ಬೂಟಿನ ಮೇಸ್ತ್ರಿಗೆ ಕೊಟ್ಟಾಗ ನನಗೆ ಹೆಮ್ಮೆಯೇ ಆಗಿತ್ತು. ಅವರು ಹಾಳೆಗಳನ್ನು ತಿರುಗಿಸಿ ಮುರುಗಿಸಿ ನೋಡಿದರು, ಏನೂ ಅನ್ನಲಿಲ್ಲ.

ಬೂಟುಗಳು ಹನ್ನೆರಡು ದಿನಕ್ಕೆ ಬಂದವು. ಹುಡುಗರು ಹಾಕಿಕೊಂಡರು, ಲೇಸು ಬಿಗಿದರು, ಎದ್ದು ನಿಂತರು. ನಿಂತ ಕೂಡಲೇ ಒಬ್ಬೊಬ್ಬರ ಮುಖವೂ ಕಿವುಚಿಕೊಂಡಿತು.

ಒಂದು ಜೊತೆ ಹಿಡಿದುಕೊಂಡು ಮೇಸ್ತ್ರಿಯ ಅಂಗಡಿಗೆ ಹೋದೆ. ಅವರು ಬಾಯಲ್ಲಿದ್ದ ಮೊಳೆಗಳನ್ನು ಅಂಗೈಗೆ ಉಗಿದುಕೊಂಡು ಕೇಳಿದರು: "ಸಾಬ್, ಮಕ್ಕಳನ್ನ ಕೂರ್ಸಿ ಅಳತೆ ತಗೊಂಡ್ರಾ, ನಿಲ್ಸಿ ತಗೊಂಡ್ರಾ?"

"ಕೂರಿಸಿ."

"ಅರೆ! ಹುಟ್ಟಿದಾಗಿಂದ ಚಪ್ಪಲಿ ಕಾಣದ ಕಾಲು ಸಾಬ್ ಅದು. ನಿಂತ್ರೆ ರೊಟ್ಟಿ ಥರ ಹರಡ್ತದೆ. ನಿಮ್ಮ ಹಾಳೆ ನೋಡಿ ನಾನು ಅಂದ್ಕೊಂಡೆ, ಕಾಲೇಜಿನೋರು, ಲೆಕ್ಕ ಬಲ್ಲೋರು, ನಾವೇನು ಹೇಳೋದು ಅಂತ."

"ಹೇಳಬೇಕಿತ್ತು ನೀವು."

"ನೀವು ಕೇಳಬೇಕಿತ್ತು," ಎಂದರು. ಸಿಟ್ಟೇನೂ ಇರಲಿಲ್ಲ ಅವರಿಗೆ.

ಒದ್ದೆ ಮಾಡಿ ಮರದ ಅಚ್ಚಿಗೆ ಏರಿಸಿದರೆ ಸ್ವಲ್ಪ ಹಿಗ್ಗುತ್ತದೆ, ಆದರೆ ಒಂದೊಂದು ಜೊತೆಗೂ ನಾಲ್ಕು ದಿನ ಬೇಕು, ಎಂದರು. ಅಚ್ಚುಗಳಿದ್ದದ್ದು ಆರೇ ಜೊತೆ. ಯಾರ ಬೂಟು ತೀರಾ ಬಿಗಿಯೋ ಅವರದನ್ನು ಮೊದಲು ಕೊಡಬೇಕಾಯಿತು. ಹುಡುಗರನ್ನು ಸಾಲಾಗಿ ನಿಲ್ಲಿಸಿ ಕೇಳುತ್ತ ಹೋದೆ. ಮೈದಾನದ ನಡುವಿನ ಸೆಂಟರ್ ಹಾಫ್ ಜಾಗದಲ್ಲಿ ಆಡುವ ಹುಡುಗ ಮಾತ್ರ, "ನಂದು ಸರಿಯಾಗಿದೆ ಸಾರ್," ಎಂದ.

ಅವನ ವಿಷಯ ಇಲ್ಲಿ ಹೇಳಬೇಕು. ಭದ್ರಾವತಿಯ ಕಾರ್ಖಾನೆಯೊಂದರ ಕ್ವಾರ್ಟರ್ಸ್‌ನಿಂದ ದಿನಾ ರೈಲಿನಲ್ಲಿ ಬರುತ್ತಿದ್ದ. ಮನೆಮಾತು ತಮಿಳು. ಇಂಟರ್‌ಮೀಡಿಯಟ್ ಎರಡನೇ ವರ್ಷ. ಅವನ ಅಪ್ಪ ಬಾಯ್ಲರಿನ ಬಳಿ ಕೆಲಸ ಮಾಡಿ ಮಾಡಿ ಕಣ್ಣು ಮಂಜಾಗಿ, ಆ ಬೇಸಿಗೆಗೆ ನಿವೃತ್ತಿಯಾಗುವವನಿದ್ದ. ನಿವೃತ್ತಿಯಾದರೆ ಕ್ವಾರ್ಟರ್ಸ್ ಬಿಡಬೇಕು. ಮಗನಿಗೆ ಅಲ್ಲೇ ಅಪ್ರೆಂಟಿಸ್ ಕೆಲಸ ಸಿಕ್ಕರೆ ಬಿಡಬೇಕಾಗಿಲ್ಲ. ಕಾರ್ಖಾನೆಯ ತಂಡಕ್ಕೆ ಒಬ್ಬ ಒಳ್ಳೆಯ ಹಾಫ್ ಬೇಕಿತ್ತು, ಅಲ್ಲಿಯ ಕ್ರೀಡಾ ಕಾರ್ಯದರ್ಶಿ ನನಗೇ ಹೇಳಿದ್ದರು: "ಫೈನಲ್ ನಮ್ಮ ಗ್ರೌಂಡಲ್ಲೇ ಅಲ್ವೇ? ಬಂದು ನೋಡ್ತೀನಿ. ಬೂಟಿನಲ್ಲಿ ಆಡಿದ್ದು ಹಿಡಿಸಿದ್ರೆ ಹೆಸರು ಬರ್ದು ಕಳಿಸ್ತೀನಿ." ಬೂಟಿನಲ್ಲಿ ಎನ್ನುವುದನ್ನು ಒತ್ತಿ ಹೇಳಿದ್ದರು. ಇದು ಹುಡುಗನಿಗೂ ಗೊತ್ತಿತ್ತು.

ಬೂಟು ಮೇಸ್ತ್ರಿಗೆ ಹೋದರೆ ನಾಲ್ಕು ದಿನ ಅಭ್ಯಾಸ ತಪ್ಪುತ್ತಿತ್ತು. ಅದಕ್ಕೇ ಸರಿಯಾಗಿದೆ ಎಂದ. ಅವನ ಪಾದದ ಅಗಲ ತಂಡದಲ್ಲೇ ಹೆಚ್ಚು ಎಂದು ನನ್ನ ಗ್ರಾಫ್ ಹಾಳೆಯಲ್ಲೇ ಇತ್ತು. ಆದರೂ ನಂಬಿದೆ. ಉಳಿದ ಹದಿಮೂರು ಜನರದ್ದೇ ಸಾಕಾಗಿಹೋಗಿತ್ತು.

ಅಭ್ಯಾಸದ ಕ್ರಮ ಹೀಗಿತ್ತು; ಬೂಟು ಅಚ್ಚಿನಲ್ಲಿದ್ದವರು ಅದು ಬಂದಂತೆ ಸೇರಿಕೊಳ್ಳಬೇಕು. ಮೊದಲ ಐದು ದಿನ ಚೆಂಡಿಲ್ಲ. ಬೂಟಿಗೆ ಹರಳೆಣ್ಣೆ ತಿಕ್ಕಿ, ಬೆಳಗ್ಗೆ ಆರಕ್ಕೆ ರಾಗಿಗುಡ್ಡದವರೆಗೆ ನಡಿಗೆ, ಗುಡ್ಡ ಹತ್ತಿ ಇಳಿಯುವುದು, ವಾಪಸು. ಬರಿಗಾಲಿನವನು ಬೆರಳು ಊರಿ ಓಡುತ್ತಾನೆ. ಬೂಟಿನೊಳಗೆ ಹಾಗೆ ಮಾಡಿದರೆ ಮುಗ್ಗರಿಸುತ್ತಾನೆ. ಆಮೇಲೆ ನಾಲ್ಕು ದಿನ ಕಾಲೇಜಿನ ಹಿಂಬದಿಯ ಗೋಡೆಗೆ ಒದೆತ, ಬಲಗಾಲಲ್ಲಿ ನೂರು, ಎಡಗಾಲಲ್ಲಿ ನೂರು. ಅದಾದ ಮೇಲೆ ಚೆಂಡು ತಡೆಯುವುದು, ಅದೂ ಪಾದದ ಒಳಬದಿಯಿಂದ ಮಾತ್ರ. ಕಾಲು ಒಗ್ಗಲಿ ಎಂದು ತರಗತಿಗಳಿಗೂ ಬೂಟಿನಲ್ಲೇ ಹೋಗಲು ಹೇಳಿದ್ದೆ. ಕಲ್ಲುಹಾಸಿನ ಮೇಲೆ ಬೂಟಿನಡಿಯ ಸ್ಟಡ್ಡುಗಳ ಸದ್ದಿಗೆ ಸಂಸ್ಕೃತದ ಪಂಡಿತರು ಪಾಠ ನಿಲ್ಲಿಸಿ, "ಅಶ್ವಮೇಧದ ಕುದುರೆಗಳೆಲ್ಲ ಬಂದು ಕೂತ ಮೇಲೆ ಶುರು ಮಾಡೋಣ," ಎಂದರಂತೆ.

"ಸಾರ್, ಚೆಂಡು ಎಲ್ಲಿ ತಾಗ್ತು ಅಂತಾನೇ ಗೊತ್ತಾಗ್ತಿಲ್ಲ," ಎಂದು ಗೋಲ್‌ಕೀಪರ್ ಬಿಟ್ಟು ಎಲ್ಲರೂ ದಿನಾ ಹೇಳುತ್ತಿದ್ದರು.

"ಕಾಲೇ ಎಲ್ಲಿದೆ ಅಂತ ಗೊತ್ತಾಗ್ತಿಲ್ಲ, ಇವನಿಗೆ ಚೆಂಡಿನ ಚಿಂತೆ ನೋಡು ಮಾರಾಯ," ಎನ್ನುತ್ತಿದ್ದ ಹೊಳೆಹೊನ್ನೂರಿನ ಹುಡುಗ. ಅವನೊಬ್ಬನಿಗೆ ಬೂಟಿನಲ್ಲಿ ಓಡುವುದು ಹೊಸದಾಗಿರಲಿಲ್ಲ. ಜಮೀನ್ದಾರರ ಮಗ, ಬೇರೆ ಊರಿನ ವಸತಿ ಶಾಲೆಯಲ್ಲಿ ಓದಿ ಬಂದವನು, ಆರನೇ ವರ್ಷದಿಂದ ಷೂ ಹಾಕಿದ ಕಾಲು. ಆದರೆ ಎರಡು ವರ್ಷದಿಂದ ಆಡುವ ಹನ್ನೊಂದರಲ್ಲಿ ಅವನಿಗೆ ಜಾಗ ಸಿಕ್ಕಿರಲಿಲ್ಲ. ಬರಿಗಾಲಿನ ಆಟಕ್ಕೆ ಅವನು ಬೇಡವಾಗಿದ್ದ.

ಮೂರನೇ ವಾರದ ಕೊನೆಗೆ ಭದ್ರಾವತಿಯಲ್ಲಿ ಕಾರ್ಖಾನೆಯ ತಂಡದ ಜೊತೆ ಸ್ನೇಹದ ಪಂದ್ಯ ಆಡಿಸಿದೆ. ಐದು ಗೋಲು ತಿಂದೆವು. ಕಾಂಪೌಂಡಿನ ಮೇಲೆ ಕೂತ ಕಾರ್ಮಿಕರು ಕನ್ನಡ, ತಮಿಳು, ತೆಲುಗು ಮೂರರಲ್ಲೂ ನಮ್ಮನ್ನು ವಿಚಾರಿಸಿಕೊಂಡರು. "ಡೇ ತಂಬಿ, ಬೂಟು ಮಾತ್ರ ಓಡ್ತಾ ಇದೆ, ನೀನೆಲ್ಲಿ?" ಎಂದು ಒಬ್ಬ ನಮ್ಮ ಸೆಂಟರ್ ಹಾಫ್‌ಗೆ ಕೂಗಿದ. ಇನ್ನೊಬ್ಬ, "ಬಿಚ್ಚಿ ಕೈಯಲ್ಲಿ ಹಿಡ್ಕೊಳೋ, ಎಸೆಯೋಕಾದ್ರೂ ಆಗ್ತದೆ!" ಎಂದ. ಹುಡುಗ ನಗಲಿಲ್ಲ. ವಾಪಸು ರೈಲಿನಲ್ಲಿ ನನಗೆ ಕೂತಲ್ಲೇ ಜೊಂಪು ಹತ್ತಿ, ಶಿವಮೊಗ್ಗ ಬಂದದ್ದೇ ತಿಳಿಯಲಿಲ್ಲ. ಆ ದಿನದ ಪುಟದಲ್ಲಿ ಒಂದೇ ಮಾತು ಇದೆ: 'ಸಾಕಾಗಿದೆ.'

ಮಾರನೆಯ ದಿನ ಆಟದ ರೀತಿಯನ್ನೇ ಬದಲಿಸಿದೆ. ಹತ್ತಿರದ ಪಾಸುಗಳನ್ನು ಬಿಡಿಸಿ, ಹಿಂದಿನಿಂದ ಎರಡು ಅಂಚಿಗೆ ದೂರ ಒದೆಯುವುದನ್ನು ಹೇಳಿಕೊಟ್ಟೆ. ಇದು ನಾನು ಮೂರು ವರ್ಷ ಗೇಲಿ ಮಾಡಿದ್ದ ಆಟ. ಹುಡುಗರು ಮುಖ ಮುಖ ನೋಡಿಕೊಂಡರು. ಆದರೆ ಕೆಲಸಕ್ಕೆ ಬಂತು. ಮೊದಲ ಸುತ್ತು ದಾಟಿದೆವು. ಸೆಮಿಫೈನಲ್ ಶಿವಮೊಗ್ಗದಲ್ಲೇ ಇತ್ತು. ಅದನ್ನು ಎರಡು ಒಂದರಿಂದ ಗೆದ್ದೆವು. ಸೆಂಟರ್ ಹಾಫ್ ಆ ದಿನ ಚೆನ್ನಾಗಿಯೇ ಆಡಿದ. ಕೊನೆಯ ಹದಿನೈದು ನಿಮಿಷ ಎಡಗಾಲನ್ನು ಊರದೆ ಎಳೆದಂತೆ ಓಡುತ್ತಿದ್ದ ಎಂದು ಈಗ ಅನಿಸುತ್ತದೆ. ಆಗ ಕಂಡಿತ್ತೇ? ದಿನಚರಿಯಲ್ಲಿ ಅದರ ಮಾತಿಲ್ಲ. ಕಂಡಿದ್ದರೆ ಬರೆದಿರುತ್ತಿದ್ದೆ. ಅಥವಾ ಕಂಡಿದ್ದರಿಂದಲೇ ಬರೆಯಲಿಲ್ಲವೋ ತಿಳಿಯದು.

ಆಟ ಮುಗಿದು ಎಲ್ಲರೂ ಬೂಟು ಬಿಚ್ಚಿದರು. ಅವನು ಬಿಚ್ಚಲಿಲ್ಲ. "ರೈಲಿಗೆ ಹೊತ್ತಾಯ್ತು ಸಾರ್, ಹಂಗೇ ಹೋಗ್ತೀನಿ," ಎಂದ. ಬಾಗಿಲ ಬಳಿ ಅವನು ಹೆಜ್ಜೆ ಇಟ್ಟ ಕಲ್ಲಿನ ಮೇಲೆ ಒದ್ದೆ ಗುರುತು ಬಿದ್ದಿತ್ತು. ಕರೆದು ಕೂರಿಸಿ ನಾನೇ ಲೇಸು ಬಿಚ್ಚಿದೆ. ಹಿಮ್ಮಡಿಯ ಚರ್ಮ ರೂಪಾಯಿಯಗಲ ಕಿತ್ತುಹೋಗಿ ಕೀವಾಗಿತ್ತು. ಕಿರುಬೆರಳಿನ ಉಗುರು ಇರಲಿಲ್ಲ.

"ಎಷ್ಟು ದಿನದಿಂದ ಇದು?"

"ಮೊದಲಿಂದ್ಲೂ ಸಾರ್. ಅಮ್ಮ ಅರಿಶಿನ ಹಚ್ತಾಳೆ."

"ಸರಿಯಾಗಿದೆ ಅಂದ್ಯಲ್ಲೋ!"

"ಆಟಕ್ಕೆ ಸರಿಯಾಗಿತ್ತು ಸಾರ್."

ಫೈನಲ್ಲಿಗೆ ನಾಲ್ಕು ದಿನ ಇತ್ತು. ಭದ್ರಾವತಿಯಲ್ಲಿ ವೈದ್ಯರಿಗೆ ತೋರಿಸಿದೆವು. ಅವರು ತೊಳೆದು, ಕತ್ತರಿಸಿ, ಚುಚ್ಚುಮದ್ದು ಕೊಟ್ಟು, ಹದಿನೈದು ದಿನ ಈ ಕಾಲಿಗೆ ಏನನ್ನೂ ಹಾಕಕೂಡದು ಎಂದು ಚೀಟಿ ಬರೆದರು. ವಿಷ ಏರಿದರೆ ಪಾದಕ್ಕೇ ಅಪಾಯ ಎಂದು ನನ್ನೊಬ್ಬನಿಗೆ ಬೇರೆಯಾಗಿಯೂ ಹೇಳಿದರು. ಆ ಚೀಟಿ ಹಿಡಿದು ಪಂದ್ಯದ ಸಂಘಟಕರ ಬಳಿ ಹೋದೆ. ಒಂದು ಕಾಲಿಗೆ ಬ್ಯಾಂಡೇಜು ಸುತ್ತಿ ಆಡಬಹುದೇ ಎಂದು ಕೇಳಿದೆ. ಅವರು ಸುತ್ತೋಲೆ ತೆಗೆದು ಅದೇ ನಾಲ್ಕು ಸಾಲು ಓದಿದರು.

ಮೂರು ದಿನ ನಾನು ಈ ಲೆಕ್ಕವನ್ನೇ ಹಾಕಿದೆ. ಆಗಿನ ನಿಯಮದಲ್ಲಿ ಆಟದ ನಡುವೆ ಒಬ್ಬನನ್ನು ತೆಗೆದು ಇನ್ನೊಬ್ಬನನ್ನು ಇಳಿಸುವಂತಿರಲಿಲ್ಲ. ಅವನು ಹತ್ತನೇ ನಿಮಿಷಕ್ಕೆ ಕುಸಿದರೆ ಉಳಿದ ಎಂಬತ್ತು ನಿಮಿಷ ಹತ್ತೇ ಜನ. ಅವನನ್ನು ಬಿಟ್ಟರೆ ಕಾರ್ಯದರ್ಶಿ ಯಾರನ್ನು ನೋಡುತ್ತಾರೆ? ಅಪ್ಪನ ನಿವೃತ್ತಿ ಎರಡು ತಿಂಗಳಲ್ಲಿತ್ತು. ಇನ್ನೊಂದು ಪಂದ್ಯ ಇರಲಿಲ್ಲ.

ಫೈನಲ್ ದಿನ ಮಧ್ಯಾಹ್ನ, ಆಟಕ್ಕೆ ಒಂದು ಗಂಟೆ ಮೊದಲು ಹನ್ನೊಂದು ಹೆಸರಿನ ಪಟ್ಟಿ ಕೊಡಬೇಕಿತ್ತು. ಮೈದಾನದ ಬದಿಯ ಡೇರೆಯೊಳಗೆ ಹುಡುಗರು ತಯಾರಾಗುತ್ತಿದ್ದರು. ನಾನು ಹೊರಗೆ ಒಂದು ಬೆಂಚಿನ ಮೇಲೆ ಕೂತು ಹತ್ತು ಹೆಸರು ಬರೆದೆ. ಸ್ವಲ್ಪ ಹೊತ್ತು ಪೆನ್ನು ಹಿಡಿದು ಕೂತೆ. ಆಮೇಲೆ ಸೆಂಟರ್ ಹಾಫ್ ಜಾಗಕ್ಕೆ ಹೊಳೆಹೊನ್ನೂರಿನ ಹುಡುಗನ ಹೆಸರು ಬರೆದು, ಕೊಟ್ಟುಬಿಟ್ಟೆ. ಕೊಟ್ಟ ಮೇಲೆ ಡೇರೆಯೊಳಗೆ ಹೋಗಿ ಪಟ್ಟಿ ಓದಿದೆ.

ಸೆಂಟರ್ ಹಾಫ್ ಆಗಲೇ ಬೂಟು ಹಾಕಿ, ಲೇಸು ಬಿಗಿದು ನಿಂತಿದ್ದ. ಅದರೊಳಗೆ ಆ ಕಾಲನ್ನು ಹೇಗೆ ತೂರಿಸಿದನೋ. ಪಟ್ಟಿ ಕೇಳಿದ. ಕೂತು ಬಿಚ್ಚತೊಡಗಿದ. ಹೊಳೆಹೊನ್ನೂರಿನವನು, "ಸಾರ್, ನಾನಾ? ಇವನಿದ್ದಾನಲ್ಲ ಸಾರ್?" ಎಂದ. "ಪಟ್ಟಿ ಹೋಗಾಯ್ತು," ಎಂದೆ.

ಆ ಸಂಜೆಯ ದಿನಚರಿಯಲ್ಲಿ ನಾನು ಮೂರು ಕಾರಣ ಬರೆದಿದ್ದೇನೆ. ಒಂದು, ಹುಡುಗನ ಪಾದದ ಹಿತ. ಎರಡು, ವೈದ್ಯರ ಚೀಟಿ. ಮೂರು, ಹತ್ತೇ ಜನರಾಗುವ ಭಯ. ಮೂರೂ ಸರಿಯಾದ ಕಾರಣಗಳೇ. ಆದರೆ ನಮ್ಮ ಹೊಸ ಆಟಕ್ಕೆ, ದೂರ ಒದೆಯುವ ಆಟಕ್ಕೆ, ಹೊಳೆಹೊನ್ನೂರಿನವನೇ ಹೆಚ್ಚು ಒಪ್ಪುತ್ತಾನೆ ಎನ್ನುವುದು ಎರಡು ವಾರದಿಂದ ನನ್ನ ತಲೆಯಲ್ಲಿತ್ತು. ಅದನ್ನು ನಾಲ್ಕನೆಯದಾಗಿ ಏಕೆ ಬರೆಯಲಿಲ್ಲ? ಅಷ್ಟು ದಣಿದಿದ್ದವನು ಅಷ್ಟು ದುಂಡಾದ ಅಕ್ಷರದಲ್ಲಿ ಬರೆದಿರುವುದೂ ನನಗೆ ಅನುಮಾನ ತರುತ್ತದೆ.

ಒಂದು ಸೊನ್ನೆಯಿಂದ ಗೆದ್ದೆವು. ಗೋಲಿಗೆ ದಾರಿ ಮಾಡಿದ್ದು ಹೊಳೆಹೊನ್ನೂರಿನವನ ಒದೆತವೇ. ಮೈದಾನದ ನಡುವಿನಿಂದ ಬಲ ಅಂಚಿಗೆ. ಪ್ರಿನ್ಸಿಪಾಲರು ನನ್ನ ಎರಡೂ ಕೈ ಹಿಡಿದು ಕುಲುಕಿದರು. ಕ್ರೀಡಾ ಕಾರ್ಯದರ್ಶಿ ನೇರ ಡೇರೆಗೆ ಬಂದು ಹೊಳೆಹೊನ್ನೂರಿನವನ ಬೆನ್ನು ತಟ್ಟಿ, ಅಪ್ರೆಂಟಿಸ್ ಆಗಿ ಬರುತ್ತೀಯಾ ಎಂದು ಎಲ್ಲರೆದುರಿಗೇ ಕೇಳಿದರು.

"ಬಾಯ್ಲರ್ ಹತ್ರ ನಿಲ್ಲೋಕೆ ನನಗೇನು ಗ್ರಹಚಾರ ಸಾರ್? ನಮ್ಮಪ್ಪ ಗದ್ದೆ ಯಾರಿಗೆ ಬಿಡ್ತಾರೆ?" ಎಂದು ಅವನು ನಕ್ಕ. ಆಮೇಲೆ ಮೂಲೆಯಲ್ಲಿ ಕೂತ ಸೆಂಟರ್ ಹಾಫ್‌ನನ್ನು ಕಂಡು ಅವನ ನಗು ನಿಂತಿತು. "ಇವನನ್ನ ತಗೊಳ್ಳಿ ಸಾರ್. ನಿಜವಾಗ್ಲೂ ಇವನದ್ದೇ ಜಾಗ."

ಕಾರ್ಯದರ್ಶಿ ನನ್ನ ಕಡೆ ನೋಡಿದರು. ಅವರನ್ನು ಹೊರಗೆ ಕರೆದುಕೊಂಡು ಹೋಗಿ ಹೇಳಬೇಕಾದದ್ದೆಲ್ಲ ಹೇಳಿದೆ.

"ಮೇಷ್ಟ್ರೇ, ಬರೆಯೋನು ನಾನು. ಮೇಲಿನವರು ಕೇಳ್ತಾರೆ, ನೋಡಿದ್ಯಾ ಅಂತ. ನೋಡದೇ ಇದ್ದದ್ದನ್ನ ಹೆಂಗೆ ಬರೀಲಿ? ಆ ಸ್ನೇಹದ ಪಂದ್ಯ ನೋಡಿದ್ದೀನಿ, ಅದನ್ನ ಬರೆದ್ರೆ ಅವನಿಗೇ ನಷ್ಟ."

ಅವರದು ತಪ್ಪಲ್ಲ. ಮುಂದಿನ ಎರಡು ತಿಂಗಳಲ್ಲಿ ಮೂರು ಸಲ ಅವರ ಕಚೇರಿಗೆ ಹೋದೆ. ಎರಡು ಪತ್ರ ಬರೆದೆ, ಒಂದಕ್ಕೆ ಪ್ರಿನ್ಸಿಪಾಲರ ಸಹಿಯನ್ನೂ ಹಾಕಿಸಿದೆ. ಆ ವರ್ಷದ ಅಪ್ರೆಂಟಿಸ್ ಪಟ್ಟಿ ತುಂಬಿತು. ಅದರಲ್ಲಿ ಇವನ ಹೆಸರಿರಲಿಲ್ಲ.

ಪರೀಕ್ಷೆ ಮುಗಿದ ವಾರ ಅವನ ಮನೆಯವರು ಕ್ವಾರ್ಟರ್ಸ್ ಬಿಟ್ಟು ಕೋಲಾರದ ಗಣಿಯಲ್ಲಿದ್ದ ಚಿಕ್ಕಪ್ಪನ ಮನೆಗೆ ಹೊರಟರು. ನಾನು ಭದ್ರಾವತಿ ನಿಲ್ದಾಣಕ್ಕೆ ಹೋದೆ. ಎರಡು ಟ್ರಂಕು, ಒಂದು ರುಬ್ಬುವ ಕಲ್ಲು, ಗಂಟುಗಳು. ಅಪ್ಪ ಒಂದು ಟ್ರಂಕಿನ ಮೇಲೆ ಕೂತಿದ್ದ. ನನ್ನ ದನಿ ಕೇಳಿ ಎದ್ದು ನಿಂತು ಕೈ ಮುಗಿದ.

"ನೀವು ಯಾಕೆ ಸಾರ್ ಬರೋಕ್ ಹೋದ್ರಿ? ಪರವಾಯಿಲ್ಲೆ ಸಾರ್, ಪರವಾಯಿಲ್ಲೆ. ಕಾಲು ಉಳೀತಲ್ಲ."

ಹುಡುಗನ ಹಿಮ್ಮಡಿ ಮಾಯ್ದಿತ್ತು. ಇಬ್ಬರೂ ಸೇರಿ ಟ್ರಂಕುಗಳನ್ನು ಗಾಡಿ ನಿಲ್ಲುವ ಕಡೆಗೆ ಸಾಗಿಸಿದೆವು. ಅಲ್ಲಿ ಕೇಳಿದೆ: "ನನ್ನ ಮೇಲೆ ಸಿಟ್ಟಿದೆಯೇನಪ್ಪ?"

"ಇಲ್ಲ ಸಾರ್."

"ಡಾಕ್ಟರು ಬರೆದು ಕೊಟ್ಟಿದ್ರು ಕಣೋ."

"ಗೊತ್ತು ಸಾರ್. ನನಗೂ ಹೇಳಿದ್ರು." ಅವನು ಟ್ರಂಕಿನ ಹಿಡಿ ಬಿಟ್ಟು ಕೈ ಒರೆಸಿಕೊಂಡ. "ನೀವು ನನ್ನನ್ನ ಕೇಳ್ತೀರಿ ಅಂದ್ಕೊಂಡಿದ್ದೆ ಸಾರ್. ಹಿಂದಿನ ದಿನ ಎಲ್ಲಾ ಅದೇ ಯೋಚ್ನೆ. ಕೇಳಿದ್ರೆ ಏನ್ ಹೇಳೋದು ಅಂತ."

"ಏನು ಹೇಳ್ತಿದ್ದೆ?"

"ಆಡಲ್ಲ ಅಂತಾನೇ ಹೇಳ್ತಿದ್ದೆನೋ ಏನೋ. ನೋವು ತಡೆಯೋಕೆ ಆಗ್ತಿರ್ಲಿಲ್ಲ ಸಾರ್. ಆದ್ರೆ ನಾನೇ ಬೇಡ ಅಂದಿದ್ರೆ ಅಪ್ಪಂಗೆ ಹೇಳೋಕೆ ಒಂದು ಮಾತಿರ್ತಿತ್ತು. ಈಗ ಅಪ್ಪ ಕೇಳಿದ್ರೆ, ನನ್ನನ್ನ ತೆಗೆದ್ರು ಅಂತಷ್ಟೇ ಹೇಳೋದು."

ಗಾಡಿ ಬಂತು. ಸಾಮಾನು ಏರಿಸುವ ಗಡಿಬಿಡಿಯಲ್ಲಿ ಮತ್ತೆ ಮಾತಿಗೆ ಎಡೆಯಾಗಲಿಲ್ಲ.

ಜೂನ್‌ನಲ್ಲಿ ಕಾಲೇಜು ತೆರೆದ ಮೇಲೆ ಅಭ್ಯಾಸದ ಮೊದಲ ದಿನ ಹದಿನಾರು ಹುಡುಗರು ಬಂದರು. ಅರ್ಧಕ್ಕರ್ಧ ಹೊಸಬರು. ಸಾಲಾಗಿ ನಿಲ್ಲಿಸಿ, ಯಾರು ಯಾರು ಯಾವ ಜಾಗದಲ್ಲಿ ಆಡಬೇಕೆಂದಿದ್ದೀರಿ, ಹೇಳಿ, ಎಂದೆ. ಹಾಗೆ ನಾನು ಯಾವ ವರ್ಷವೂ ಕೇಳಿರಲಿಲ್ಲ. ಹಳಬರು ಒಬ್ಬರ ಮುಖ ಒಬ್ಬರು ನೋಡಿದರು. ಹೊಸಬರು ನೆಲ ನೋಡಿದರು. ಹೊಳೆಹೊನ್ನೂರಿನವನು, "ನೀವು ಹೇಳಿದ ಕಡೆ ಸಾರ್," ಎಂದ. ಉಳಿದವರೂ ಹೌದೆನ್ನುವಂತೆ ತಲೆಯಾಡಿಸಿದರು. ಇನ್ನೂ ಸ್ವಲ್ಪ ಹೊತ್ತು ಕಾದೆ. ಬಿಸಿಲೇರುತ್ತಿತ್ತು, ಹನ್ನೊಂದಕ್ಕೆ ತರಗತಿ ಇತ್ತು. ಸಾಲಿನ ಒಂದು ತುದಿಯಿಂದ ಶುರುಮಾಡಿ ಒಬ್ಬೊಬ್ಬನಿಗೂ ಅವನವನ ಜಾಗ ಹೇಳುತ್ತ ಹೋದೆ.